ಮರುಕದ ಚಿತ್ರ, ಮರೆಯಾದ ಲೆಕ್ಕ

ಮೇ 31ರ ವಿಶ್ವ ತಂಬಾಕು ರಹಿತ ದಿನ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನ ಸಮೀಪಿಸಿದವೆಂದರೆ ದೇಣಿಗೆ ಕೋರುವ ಮನವಿಗಳ ಸುಗ್ಗಿ ಆರಂಭವಾಗುತ್ತದೆ. ಹಿಂದೆ ಅವು ಅಂಚೆಯ ಮೂಲಕ ಬರುತ್ತಿದ್ದವು. ಈಗ ಮೊಬೈಲಿನ ಪರದೆಯ ಮೇಲೆ ಮೂಡುತ್ತವೆ. ಧಾಟಿ ಮಾತ್ರ ಹಳೆಯದೇ. ಮೇಲ್ಭಾಗದಲ್ಲಿ ಕೆಮ್ಮಿ ಬಸವಳಿದ ಹೆಂಗಸಿನ ಚಿತ್ರ, ಅದರ ಕೆಳಗೆ ದಿಗಿಲು ಹುಟ್ಟಿಸುವ ಒಂದು ಸಂಖ್ಯೆ, ಅದಕ್ಕೂ ಕೆಳಗೆ ಬ್ಯಾಂಕ್ ಖಾತೆಯ ವಿವರ. ಆ ಹೆಂಗಸು ಯಾರು, ಆ ಸಂಖ್ಯೆಯನ್ನು ಎಣಿಸಿದವರು ಯಾರು, ಖಾತೆಗೆ ಬಿದ್ದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಮನವಿಯಲ್ಲಿ ಉತ್ತರ ದೊರೆಯುವುದು ಅಪರೂಪ. ಕೇಳುವುದು ಸೌಜನ್ಯವಲ್ಲವೆಂದು ನಾವೂ ಸುಮ್ಮನಿದ್ದು ಬಿಡುತ್ತೇವೆ.

ನಿಪ್ಪಾಣಿ ಮತ್ತು ಅದರ ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಜನರಿಗೆ ಈ ಪ್ರಶ್ನೆ ಇತರರಿಗಿಂತ ಹೆಚ್ಚು ತಟ್ಟಬೇಕು. ಏಕೆಂದರೆ ಮನವಿಗಳ ಆ ಚಿತ್ರದಲ್ಲಿರುವುದು ಅನೇಕ ವೇಳೆ ನಮ್ಮಂಥ ಊರುಗಳ ತಂಬಾಕಿನ ವಖಾರಿಗಳ ಹೆಣ್ಣುಮಕ್ಕಳು. ಬೀಡಿ ತಂಬಾಕಿಗೆ ನಿಪ್ಪಾಣಿ ಹೆಸರಾದದ್ದು ನಿನ್ನೆ ಮೊನ್ನೆಯಲ್ಲ. ಮೈಸೂರು ಭಾಗದ ಸಿಗರೇಟು ತಂಬಾಕಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆಗಳ ಆಸರೆಯಿದ್ದರೆ, ನಿಪ್ಪಾಣಿಯ ಬೀಡಿ ತಂಬಾಕಿಗೆ ಅಂಥ ಆಸರೆ ಇರಲಿಲ್ಲ. ವ್ಯಾಪಾರಿ ಹೇಳಿದ ದರವೇ ದರ. 1981ರ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ ಶರದ್ ಜೋಶಿ ಅವರ ನೇತೃತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದು ಈ ಅನ್ಯಾಯದ ವಿರುದ್ಧ. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತದ್ದನ್ನು ಈ ಭಾಗದ ಹಿರಿಯರು ಮರೆತಿಲ್ಲ.

ಅದೇ ಕಾಲದಲ್ಲಿ ತಂಬಾಕು ಸಂಸ್ಕರಿಸುವ ಕಾರ್ಖಾನೆಗಳ ಸಾವಿರಾರು ಹೆಣ್ಣಾಳುಗಳು ಪ್ರೊ. ಸುಭಾಷ ಜೋಶಿ ಅವರು ಕಟ್ಟಿದ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಒಗ್ಗೂಡಿದರು. ದೂಳಿನಲ್ಲಿ ಮುಳುಗಿದ ಅವರ ದುಡಿಮೆಯನ್ನೂ ಅವರ ಹೋರಾಟವನ್ನೂ ಕುರಿತು ‘ಯುಗಾಂತರ್’ ಎಂಬ ಮಹಿಳಾ ಚಿತ್ರತಂಡದ ದೀಪಾ ಧನರಾಜ್ ಮತ್ತವರ ಸಂಗಾತಿಗಳು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರವನ್ನು ಕಾರ್ಮಿಕರೊಡನೆ ಕೂಡಿ ನಿರ್ಮಿಸಿದರು. ಅದರಲ್ಲಿ ಹೆಂಗಸರು ತಮ್ಮ ಮಾತನ್ನು ತಾವೇ ಆಡುತ್ತಾರೆ. ಇಂದಿನ ಮನವಿಪತ್ರಗಳಲ್ಲಿ ಅದೇ ಹೆಂಗಸಿನ ಮಗಳೋ ಮೊಮ್ಮಗಳೋ ಮಾತಿಲ್ಲದ ಚಿತ್ರವಾಗಿ ನಿಂತಿದ್ದಾಳೆ, ಮಾತೆಲ್ಲ ಸಂಸ್ಥೆಯದು. ಅದೂ ಬಹುಪಾಲು ಇಂಗ್ಲಿಷಿನಲ್ಲಿ, ಕನ್ನಡವೋ ಮರಾಠಿಯೋ ಬಲ್ಲ ಆಕೆ ಓದಲಾರದ ಭಾಷೆಯಲ್ಲಿ.

ತಂಬಾಕಿನ ಪರವಾಗಿ ವಾದ ಹೂಡುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ. ತಂಬಾಕು ಕೊಲ್ಲುತ್ತದೆಂಬುದು ನಿರ್ವಿವಾದ. ಅದರ ವಿರುದ್ಧ ದನಿಯೆತ್ತುವ ಸಂಸ್ಥೆಗಳು ನಾಡಿಗೆ ಅಗತ್ಯ. ಅಗತ್ಯವಾದುದರಿಂದಲೇ ಅವು ಹಣ ಕೇಳುವ ರೀತಿ ನಿರ್ಮಲವಾಗಿರಬೇಕೆಂದು ನಮ್ಮ ಆಗ್ರಹ.

ಮೊದಲನೆಯ ಗೊಂದಲ ಸೇವೆ ಮತ್ತು ವಕಾಲತ್ತುಗಳ ನಡುವಿನದು. ರೋಗಿಗೆ ಔಷಧ ಕೊಡುವ ಸಂಸ್ಥೆ ಬೇರೆ. ಕಾನೂನು ಬದಲಾಗಬೇಕೆಂದು ಸರಕಾರವನ್ನೂ ನ್ಯಾಯಾಲಯವನ್ನೂ ಪತ್ರಿಕೆಗಳನ್ನೂ ಎಡತಾಕುವ ಸಂಸ್ಥೆ ಬೇರೆ. ಎರಡನೆಯ ಬಗೆಯ ಕೆಲಸವು ಮೊದಲನೆಯದಕ್ಕಿಂತ ಕೀಳೇನೂ ಅಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ತಂಬಾಕು ಉದ್ಯಮದ ಸಮಾವೇಶವೊಂದಕ್ಕೆ ಸರಕಾರದ್ದೇ ಆದ ತಂಬಾಕು ಮಂಡಳಿಯು ಪ್ರಾಯೋಜಕನಾಗಲು ಹೊರಟಾಗ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಹೈಕೋರ್ಟಿನ ಮೆಟ್ಟಿಲೇರಿತು. ಮಂಡಳಿ ಹಿಂದೆ ಸರಿಯಿತು. ತಂಬಾಕಿನ ಪೊಟ್ಟಣದ ಶೇ. 85ರಷ್ಟು ಭಾಗವನ್ನು ಎಚ್ಚರಿಕೆಯ ಚಿತ್ರವು ಆವರಿಸಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ‘ಹೆಲ್ತ್ ಫಾರ್ ಮಿಲಿಯನ್ಸ್’ ಎಂಬ ನ್ಯಾಸವು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕು, 2018ರ ಜನವರಿಯಲ್ಲಿ ತಡೆಯಾಜ್ಞೆ ದೊರೆತು, ಚಿತ್ರಗಳು ಪೊಟ್ಟಣದ ಮೇಲೆಯೇ ಉಳಿದವು. ಇಂಥ ವ್ಯಾಜ್ಯಗಳಿಗೆ ಹಣ ಬೇಕು. ವಕೀಲರಿಗೆ, ಸಮೀಕ್ಷೆಗೆ, ದಿಲ್ಲಿಯ ಪ್ರಯಾಣಕ್ಕೆ ಹಣ ಬೇಕು.

ಹಾಗಿದ್ದರೆ ಹಾಗೆಯೇ ಕೇಳಬಾರದೇಕೆ? “ನಾವು ಒಂದು ಮೊಕದ್ದಮೆ ನಡೆಸುತ್ತಿದ್ದೇವೆ, ಅದಕ್ಕೆ ನೆರವಾಗಿ” ಎಂದರೆ ಕೊಡುವವರು ಕಡಿಮೆ, ಕ್ಯಾನ್ಸರ್ ಪೀಡಿತನ ಮುಖ ತೋರಿಸಿದರೆ ಕೊಡುವವರು ಹೆಚ್ಚು ಎಂಬುದು ಧನಸಂಗ್ರಹದ ಕಸುಬಿನವರ ಲೆಕ್ಕಾಚಾರ. ಲೆಕ್ಕಾಚಾರ ಸರಿಯಿರಬಹುದು. ಆದರೆ ಐನೂರು ರೂಪಾಯಿ ಕಳುಹಿಸಿದ ನಿವೃತ್ತ ಶಿಕ್ಷಕರೊಬ್ಬರು ಆ ಮುಖದ ಚಿಕಿತ್ಸೆಗೆ ತಮ್ಮ ಹಣ ಸಂದಿತೆಂದು ನಂಬಿರುತ್ತಾರೆ. ಅದು ವಿಚಾರಸಂಕಿರಣದ ಸಭಾಂಗಣದ ಬಾಡಿಗೆಗೆ ಸಂದಿದ್ದರೆ, ಎಲ್ಲ ರಸೀತಿಗಳೂ ಕ್ರಮಬದ್ಧವಾಗಿದ್ದರೂ ಅವರನ್ನು ವಂಚಿಸಿದಂತೆಯೇ. ಲೆಕ್ಕಪರಿಶೋಧಕರ ಕಣ್ಣಿಗೆ ಈ ವಂಚನೆ ಬೀಳುವುದಿಲ್ಲ.

ಇನ್ನು ಸಂಖ್ಯೆಯ ವಿಷಯ. ಇದರಲ್ಲಿ ನಮ್ಮ ಭಾಗಕ್ಕೆ ದೊಡ್ಡ ಅನುಭವವೇ ಇದೆ. ಈ ಶತಮಾನದ ಆರಂಭದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರು ಏಡ್ಸ್ ಕುರಿತ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ದೇವದಾಸಿ ಪದ್ಧತಿ, ಹೆದ್ದಾರಿ, ದುಡಿಮೆಗಾಗಿ ಗಡಿಯಾಚೆ ಹೋಗಿ ಬರುವ ಜನ, ಇವೆಲ್ಲ ಸೇರಿ ಸೋಂಕು ಇಲ್ಲಿ ನಿಜಕ್ಕೂ ಹೆಚ್ಚಾಗಿತ್ತು. 2002ರಲ್ಲಿ ಅಮೆರಿಕದ ಗುಪ್ತಚರ ಮಂಡಳಿಯ ವರದಿಯೊಂದು 2010ರ ವೇಳೆಗೆ ಭಾರತದಲ್ಲಿ ಎರಡರಿಂದ ಎರಡೂವರೆ ಕೋಟಿ ಸೋಂಕಿತರಿರುವರೆಂದು ಭವಿಷ್ಯ ನುಡಿಯಿತು. ಅದೇ ನವೆಂಬರಿನಲ್ಲಿ ಬಿಲ್ ಗೇಟ್ಸ್ ಅವರು ಭಾರತಕ್ಕೆ ಬಂದು 10 ಕೋಟಿ ಡಾಲರ್ ನೆರವು ಘೋಷಿಸಿದಾಗ, ಆಗಿನ ಕೇಂದ್ರ ಆರೋಗ್ಯ ಸಚಿವ ಶತ್ರುಘ್ನ ಸಿನ್ಹಾ ಅವರು ಭೀತಿ ಹರಡಲಾಗುತ್ತಿದೆಯೆಂದು ಆಕ್ಷೇಪಿಸಿದ್ದರು. ಸಚಿವರ ಸಿಟ್ಟಿನಲ್ಲಿ ರಾಜಕೀಯವೆಷ್ಟು, ಸತ್ಯವೆಷ್ಟು ಎಂಬುದು ಆಗ ಯಾರಿಗೂ ತಿಳಿಯುವಂತಿರಲಿಲ್ಲ.

ಉತ್ತರ ಬಂದದ್ದು ಐದು ವರ್ಷಗಳ ತರುವಾಯ. ಭಾರತದಲ್ಲಿ 57 ಲಕ್ಷ ಸೋಂಕಿತರಿದ್ದಾರೆಂದು ವಿಶ್ವಸಂಸ್ಥೆಯ ಏಡ್ಸ್ ವಿಭಾಗವೂ, 52 ಲಕ್ಷ ವಯಸ್ಕ ಸೋಂಕಿತರಿದ್ದಾರೆಂದು ನಮ್ಮ ಸರಕಾರದ ನ್ಯಾಕೋ ಸಂಸ್ಥೆಯೂ ಹೇಳುತ್ತಿದ್ದ ಕಾಲವದು. 2007ರ ಜುಲೈ 6ರಂದು ಹೊಸ ಅಂದಾಜು ಪ್ರಕಟವಾಯಿತು: ಸುಮಾರು 25 ಲಕ್ಷ. ಒಂದೇ ದಿನದಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ವಿಶ್ವಸಂಸ್ಥೆಯು ಜಗತ್ತಿನ ಒಟ್ಟು ಅಂದಾಜನ್ನು 3.95 ಕೋಟಿಯಿಂದ 3.32 ಕೋಟಿಗೆ ತಗ್ಗಿಸಿತು. ಆ ಇಳಿಕೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ಭಾರತದ ತಿದ್ದುಪಡಿ.

ಏನಾಗಿತ್ತು? ಹಳೆಯ ಅಂದಾಜು ಹೆಚ್ಚಾಗಿ ನಿಂತಿದ್ದುದು ಸರಕಾರಿ ಆಸ್ಪತ್ರೆಗೆ ಬರುವ ಬಸುರಿಯರ ಹಾಗೂ ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ ಬರುವವರ ರಕ್ತಪರೀಕ್ಷೆಯ ಮೇಲೆ. ಸರಕಾರಿ ಆಸ್ಪತ್ರೆಗೆ ಬರುವವರಲ್ಲಿ ಬಡವರು ಹೆಚ್ಚು. ಖಾಸಗಿ ವೈದ್ಯರು ಸೋಂಕಿತರೆಂದು ಶಂಕಿಸಿದವರನ್ನು ಅಲ್ಲಿಗೇ ಕಳುಹಿಸುತ್ತಿದ್ದುದೂ ಉಂಟು. ಅಂಥ ಕಡೆಯ ಲೆಕ್ಕವನ್ನು ಇಡೀ ನಾಡಿಗೆ ಹರಡಿದರೆ ಮೊತ್ತ ಉಬ್ಬುವುದು ಸಹಜ. ಡಾ. ಲಲಿತ್ ದಂಡೋನಾ ಅವರ ತಂಡ ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ಮನೆಮನೆಗೆ ತೆರಳಿ ಪರೀಕ್ಷಿಸಿ ಈ ದೋಷವನ್ನು 2006ರಲ್ಲಿಯೇ ತೋರಿಸಿತ್ತು. 2005–06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ರಕ್ತ ಪರೀಕ್ಷಿಸಿದಾಗ ಅದು ದೃಢವಾಯಿತು. ದೇಶದ ಸರಾಸರಿ ಶೇ. 0.28. ಕರ್ನಾಟಕದ್ದು ಶೇ. 0.69, ಅಂದರೆ ದೇಶದ ಸರಾಸರಿಯ ಎರಡೂವರೆ ಪಟ್ಟು. ನಮ್ಮ ರಾಜ್ಯದ ಸಂಕಟ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇದು ಉದ್ದೇಶಪೂರ್ವಕ ಸುಳ್ಳೇ ಎಂಬ ಚರ್ಚೆ ಆಗ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ದುಡಿದಿದ್ದ ಸಾಂಕ್ರಾಮಿಕ ರೋಗತಜ್ಞ ಜೇಮ್ಸ್ ಚಿನ್ ಅವರು ಹಣ ಮತ್ತು ಗಮನ ಸೆಳೆಯಲು ಅಂಕಿಗಳನ್ನು ಎತ್ತರದಲ್ಲಿ ಇರಿಸಲಾಗಿತ್ತೆಂದು ಅದೇ ವರ್ಷ ಪುಸ್ತಕವನ್ನೇ ಬರೆದರು. ವಿಶ್ವಸಂಸ್ಥೆ ಅದನ್ನು ನಿರಾಕರಿಸಿತು. ಲಭ್ಯವಿದ್ದ ಮಾಹಿತಿಯಿಂದ ಲೆಕ್ಕ ಹಾಕಿದೆವು, ಉತ್ತಮ ಮಾಹಿತಿ ಬಂದಾಗ ತಿದ್ದಿದೆವು ಎಂದಿತು. ನಮಗೆ ಎರಡನೆಯ ಮಾತು ಹೆಚ್ಚು ನ್ಯಾಯವಾಗಿ ತೋರುತ್ತದೆ. ತಜ್ಞರು ತಮ್ಮ ವರದಿಯಲ್ಲಿ “ಇಂತಿಷ್ಟರಿಂದ ಇಂತಿಷ್ಟರವರೆಗೆ” ಎಂದು ಬರೆದಿರುತ್ತಾರೆ. ಧನಸಂಗ್ರಹದ ಕಾಗದಕ್ಕೆ ಬರುವಷ್ಟರಲ್ಲಿ ಆ ವ್ಯಾಪ್ತಿ ಮಾಯವಾಗಿ ಮೇಲ್ತುದಿಯ ಸಂಖ್ಯೆಯೊಂದೇ ದಪ್ಪಕ್ಷರದಲ್ಲಿ ಉಳಿಯುತ್ತದೆ. ತಪ್ಪು ಮೊಳೆಯುವುದು ಅಲ್ಲಿ.

ಈ ಪ್ರಸಂಗದಲ್ಲಿ ನಾವು ಮೆಚ್ಚಬೇಕಾದ ಸಂಗತಿಯೂ ಇದೆ. ಸಂಖ್ಯೆ ಅರ್ಧಕ್ಕಿಳಿದರೆ ಹಣದ ಹರಿವು ನಿಂತೀತೆಂಬ ಭಯ ಹಲವರಿಗಿತ್ತು. ಆದರೂ ತಿದ್ದುಪಡಿಯನ್ನು ಬಚ್ಚಿಡದೆ ಪ್ರಕಟಿಸಲಾಯಿತು. ಹಣವೂ ನಿಲ್ಲಲಿಲ್ಲ. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಆ ಬಳಿಕವೂ ಕರ್ನಾಟಕದಲ್ಲಿ ನಡೆಯಿತು. 2003ರಲ್ಲಿ ರೂಪುಗೊಂಡ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಮ್ಮ ಜಿಲ್ಲೆಗಳಲ್ಲಿ ಕೆಲಸ ಮುಂದುವರಿಸಿತು. ಸತ್ಯ ಹೇಳಿದರೆ ದಾನಿಗಳು ಓಡಿಹೋಗುತ್ತಾರೆಂಬ ನಂಬಿಕೆಗೆ ಇಷ್ಟು ದೊಡ್ಡ ಪರೀಕ್ಷೆ ಬೇರೆ ನಡೆದಿಲ್ಲ.

ಆದರೆ ಅದೇ ‘ಆವಾಹನ್’ ಕುರಿತು ಇನ್ನೊಂದು ಮಾತನ್ನೂ ಹೇಳಬೇಕು. ಅದರಿಂದ 2003ರಿಂದ 2008ರ ಅವಧಿಯಲ್ಲಿ ಸುಮಾರು ಒಂದು ಲಕ್ಷ ಹೊಸ ಸೋಂಕುಗಳು ತಪ್ಪಿದವೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಎರಡು ವರ್ಷಗಳ ಅನಂತರ ಬೇರೆ ಗಣಿತದ ಮಾದರಿ ಬಳಸಿದ ಮತ್ತೊಂದು ಅಧ್ಯಯನ ಹತ್ತು ವರ್ಷಗಳಲ್ಲಿ ಸುಮಾರು ಆರು ಲಕ್ಷ ಎಂದಿತು. ಅವಧಿ ಬೇರೆ, ವಿಧಾನ ಬೇರೆ; ಎರಡೂ ಪ್ರಾಮಾಣಿಕ ಶ್ರಮವೇ. ಆದರೆ “ತಪ್ಪಿದ ಸೋಂಕು” ಯಾರೂ ಕಣ್ಣಾರೆ ಎಣಿಸಿದ್ದಲ್ಲ, ಲೆಕ್ಕದಿಂದ ಹುಟ್ಟಿದ್ದು. “ನಾವು ಇಷ್ಟು ಲಕ್ಷ ಜೀವ ಉಳಿಸಿದೆವು” ಎಂಬ ವಾಕ್ಯವನ್ನು ಯಾವ ಸಂಸ್ಥೆಯ ಮನವಿಯಲ್ಲಿ ಓದಿದರೂ ವಾಚಕರು ಇದನ್ನು ನೆನಪಿಡುವುದು ಒಳ್ಳೆಯದು.

ತಂಬಾಕಿನ ಅಂಕಿಗಳಿಗೂ ಈ ಮಾತು ಅನ್ವಯಿಸುತ್ತದೆ. 2009–10ರ ಸಮೀಕ್ಷೆಯಲ್ಲಿ ದೇಶದ ವಯಸ್ಕರ ಪೈಕಿ ಶೇ. 34.6 ಮಂದಿ ತಂಬಾಕು ಬಳಸುತ್ತಿದ್ದರು. 2016–17ರ ಸಮೀಕ್ಷೆಯಲ್ಲಿ ಅದು ಶೇ. 28.6ಕ್ಕೆ ಇಳಿಯಿತು, ಕರ್ನಾಟಕದಲ್ಲಿ ಶೇ. 28.2ರಿಂದ 22.8ಕ್ಕೆ. ಈ ಇಳಿಕೆ ಹೋರಾಟಗಾರರು ಹೆಮ್ಮೆಯಿಂದ ಸಾರಬೇಕಾದ ಸುದ್ದಿ. ಆದರೆ ಇಳಿಕೆಯ ಸುದ್ದಿಯಿಂದ ದೇಣಿಗೆ ಬರುವುದಿಲ್ಲವೆಂಬ ಅಳುಕಿನಿಂದ “ಮೂವರಲ್ಲಿ ಒಬ್ಬರು” ಎಂಬ ಹಳೆಯ ವಾಕ್ಯವನ್ನೇ ಉಳಿಸಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟೀತು. ಹೊಸ ಸಮೀಕ್ಷೆಗೂ ಈಗ ವಯಸ್ಸಾಗಿದೆ ಎಂಬುದು ಬೇರೆ ಮಾತು; ಯಾವ ವರ್ಷದ ಅಂಕಿ ಎಂದು ಬರೆದರೆ ಅಷ್ಟೇ ಸಾಕು.

ಉತ್ಪ್ರೇಕ್ಷೆ ಎದುರು ಪಕ್ಷದಲ್ಲಿ ಇನ್ನೂ ಧಾರಾಳ. ಕೇಂದ್ರ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರು ಸುಮಾರು 50 ಲಕ್ಷ. ತೆರಿಗೆ ಏರಿಕೆಯ ಮಾತು ಬಂದಾಗಲೆಲ್ಲ ಉದ್ಯಮದವರ ಬಾಯಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ಕಟ್ಟುವ ಹೆಂಗಸಿನ ಚಿತ್ರವನ್ನು ಅವರೂ ಮುಂದಿಡುತ್ತಾರೆ. ಆಕೆಯ ಪಾಡು ಅದೆಂಥದು ನೋಡಿ: ಬೀಡಿ ನಿಲ್ಲಬೇಕೆನ್ನುವವರೂ ಬೀಡಿ ಉಳಿಯಬೇಕೆನ್ನುವವರೂ ಆಕೆಯ ಮುಖವನ್ನೇ ಬಳಸುತ್ತಾರೆ, ಆಕೆಯ ಕೂಲಿಯ ಪ್ರಶ್ನೆ ಎರಡು ಕಡೆಯಲ್ಲೂ ಕೊನೆಯ ಸಾಲಿನಲ್ಲಿರುತ್ತದೆ.

ಹಣ ಎಲ್ಲಿಂದ ಬಂತೆಂಬುದನ್ನು ಹೇಳುವುದೂ ಪ್ರಾಮಾಣಿಕತೆಯ ಭಾಗ. 2017ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆಯು ಪಬ್ಲಿಕ್ ಹೆಲ್ತ್ ಫೌಂಡೇಷನ್ ಆಫ್ ಇಂಡಿಯಾ ಸಂಸ್ಥೆಯ ವಿದೇಶಿ ದೇಣಿಗೆ ಪರವಾನಗಿಯನ್ನು ರದ್ದು ಮಾಡಿತು. ವಿದೇಶಿ ಹಣವನ್ನು ತಂಬಾಕು ನೀತಿಯ ಬಗ್ಗೆ ಸಂಸದರ ಮೇಲೆ, ಪತ್ರಿಕೆಗಳ ಮೇಲೆ ಪ್ರಭಾವ ಬೀರಲು ಬಳಸಲಾಗಿದೆಯೆಂಬುದು ಇಲಾಖೆಯ ಆರೋಪ. ಸಂಸ್ಥೆ ಅದನ್ನು ಅಲ್ಲಗಳೆಯಿತು. 2022ರಲ್ಲಿ ಪರವಾನಗಿ ಮರಳಿ ದೊರೆಯಿತು. ಇಂಥ ಕ್ರಮಗಳ ಹಿಂದಿನ ರಾಜಕೀಯ ನಮಗೆ ತಿಳಿಯದ್ದಲ್ಲ. 2021ರ ಕ್ರಿಸ್ಮಸ್ ದಿನ ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಯ ನವೀಕರಣ ನಿರಾಕರಿಸಲ್ಪಟ್ಟು, ಎರಡು ವಾರಗಳಲ್ಲೇ ಪುನಃ ಮಂಜೂರಾದದ್ದನ್ನು ನಾವು ಕಂಡಿದ್ದೇವೆ. ಆದರೆ ಸರಕಾರದ ಕಣ್ಣು ಕೆಂಪಾಗಿದೆ ಎಂಬ ಕಾರಣಕ್ಕೆ ದಾನಿಯ ಪ್ರಶ್ನೆಯ ನ್ಯಾಯ ಕುಂದುವುದಿಲ್ಲ.

ತಂಬಾಕಿನವರ ಚಾತುರ್ಯ ಇದಕ್ಕಿಂತ ಸೂಕ್ಷ್ಮ. 2017ರಲ್ಲಿ ‘ಹೊಗೆ ಮುಕ್ತ ಜಗತ್ತಿಗಾಗಿ ಪ್ರತಿಷ್ಠಾನ’ ಎಂಬ ಅರ್ಥದ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು. ಹೆಸರು ಕೇಳಿದರೆ ಯಾರಾದರೂ ಕೈಮುಗಿಯಬೇಕು. ಅದಕ್ಕೆ ವರ್ಷಕ್ಕೆ ಸುಮಾರು 8 ಕೋಟಿ ಡಾಲರ್‌ನಂತೆ 12 ವರ್ಷ ಕೊಡಲು ಒಪ್ಪಿದ್ದು ಮಾತ್ರ ಸಿಗರೇಟು ಕಂಪನಿಯಾದ ಫಿಲಿಪ್ ಮಾರಿಸ್! ಅದರೊಂದಿಗೆ ಕೈಜೋಡಿಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯು ಸರಕಾರಗಳಿಗೆ ಹೇಳಬೇಕಾಯಿತು. ನಮ್ಮಲ್ಲಿಯೂ 2015ರಲ್ಲಿ ಎಚ್ಚರಿಕೆಯ ಚಿತ್ರಗಳನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮಿಯೇ ಆಗಿದ್ದ ಸಂಸದ ಶ್ಯಾಮಾಚರಣ ಗುಪ್ತ ಅವರು ಸದಸ್ಯರಾಗಿದ್ದುದು ವಿವಾದವಾಗಿತ್ತು.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಸಾಂಗ್ಲಿಯಲ್ಲಿ 1992ರಿಂದ ಮೀನಾ ಸರಸ್ವತಿ ಸೇಷು ಅವರ ಮುಂದಾಳತ್ವದಲ್ಲಿ ನಡೆದುಬಂದ ‘ಸಂಗ್ರಾಮ’ ಸಂಸ್ಥೆಯು ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ನಡುವೆ ಏಡ್ಸ್ ತಡೆಯ ಕೆಲಸ ಮಾಡಿತು. ಗಡಿಯ ಈಚೆಗೂ ಅದರ ಕೆಲಸ ಹರಡಿತ್ತು. ಅಮೆರಿಕದ 2003ರ ಕಾನೂನಿನ ಪ್ರಕಾರ ಆ ದೇಶದ ಏಡ್ಸ್ ನೆರವು ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಲಿಖಿತ ಪ್ರತಿಜ್ಞೆ ಮಾಡಬೇಕಿತ್ತು. 2005ರಲ್ಲಿ ‘ಸಂಗ್ರಾಮ’ ಆ ಪ್ರತಿಜ್ಞೆಗೆ ಒಪ್ಪದೆ ಹಣವನ್ನೇ ಕೈಬಿಟ್ಟಿತು. ಅದೇ ವರ್ಷ ಬ್ರೆಜಿಲ್ ಸರಕಾರವೂ ಇದೇ ಷರತ್ತಿಗಾಗಿ 4 ಕೋಟಿ ಡಾಲರ್ ನೆರವನ್ನು ತಿರಸ್ಕರಿಸಿತು. ಈ ವೃತ್ತಿಯ ಕುರಿತ ‘ಸಂಗ್ರಾಮ’ದ ನಿಲುವು ನಮ್ಮ ವಾಚಕರಲ್ಲಿ ಅನೇಕರಿಗೆ ಒಪ್ಪಿಗೆಯಾಗದು. ಆದರೆ ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಕಾಗದದಲ್ಲಿ ಇನ್ನೊಂದಕ್ಕೆ ಸಹಿ ಹಾಕಿ ಹಣ ಪಡೆದ ಸಂಸ್ಥೆಗಳ ನಡುವೆ ಈ ನಡೆ ಎದ್ದು ಕಾಣುವುದನ್ನು ಒಪ್ಪದಿರಲು ಸಾಧ್ಯವಿಲ್ಲ.

ಆಡಳಿತ ವೆಚ್ಚದ ಬಗ್ಗೆಯೂ ಎರಡು ಮಾತು. 2020ರ ತಿದ್ದುಪಡಿಯು ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು ಶೇ. 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳು ತಾವು ಪಡೆದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗಳಿಗೆ ಹಂಚುವುದನ್ನೂ ನಿಷೇಧಿಸಿತು. ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಬಿದ್ದ ಪೆಟ್ಟು ದೊಡ್ಡದು. “ನಿಮ್ಮ ಪ್ರತಿ ರೂಪಾಯಿಯೂ ನೇರವಾಗಿ ಬಡವರಿಗೆ” ಎಂಬ ಘೋಷಣೆಯನ್ನು ಮಾತ್ರ ನಾವು ನಂಬಬೇಕಾಗಿಲ್ಲ. ಸಂಬಳವಿಲ್ಲದ ದಾದಿ, ಬಾಡಿಗೆಯಿಲ್ಲದ ಕಚೇರಿ ಎಲ್ಲಿಯೂ ಇಲ್ಲ. ನೂರಕ್ಕೆ ಹದಿನೈದು ಕಚೇರಿಗೆ ಎಂದು ಬರೆದ ಸಂಸ್ಥೆಯ ಮೇಲೆ ನಮಗೆ ಹೆಚ್ಚು ಭರವಸೆ. ದೇಶದ ಸ್ವಯಂಸೇವಾ ಸಂಸ್ಥೆಗಳಲ್ಲಿ ಲೆಕ್ಕಪತ್ರ ಸಲ್ಲಿಸುವವು ಶೇ. 10ಕ್ಕಿಂತಲೂ ಕಡಿಮೆಯೆಂದು ಸಿ.ಬಿ.ಐ. ಸುಪ್ರೀಂ ಕೋರ್ಟಿಗೆ ತಿಳಿಸಿದ್ದ ನಾಡಿನಲ್ಲಿ ಅಷ್ಟೂ ದೊಡ್ಡದೇ.

ಈ ಅಳತೆಗೋಲನ್ನು ಇತರರ ಮೇಲೆ ಇಟ್ಟು ನಮ್ಮನ್ನು ಬಿಟ್ಟುಬಿಡುವುದು ತರವಲ್ಲ. 1943ರಲ್ಲಿ ಗುಂಟೂರಿನಲ್ಲಿ ವೈದ್ಯೆಯೂ ಧರ್ಮಭಗಿನಿಯೂ ಆಗಿದ್ದ ಮೇರಿ ಗ್ಲೌರಿ ಅವರು ಕಥೋಲಿಕ ಆರೋಗ್ಯ ಸಂಘಟನೆಯನ್ನು ಕಟ್ಟಿದಂದಿನಿಂದ ಇಂದಿನವರೆಗೆ ನಮ್ಮ ಆಸ್ಪತ್ರೆಗಳೂ ಆಶ್ರಮಗಳೂ ದಾನಿಗಳ ಹಣದಿಂದಲೇ ಬೆಳೆದಿವೆ. ಕುಷ್ಠರೋಗಿಯ ಬೆರಳಿಲ್ಲದ ಕೈಯ ಚಿತ್ರ ಯುರೋಪಿನ ಎಷ್ಟು ದೇವಾಲಯಗಳ ಬಾಗಿಲಲ್ಲಿ ಕಾಣಿಕೆ ಕೇಳಿತ್ತೆಂಬುದನ್ನು ಹಿರಿಯರು ಬಲ್ಲರು. 1989ರಲ್ಲಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳೇ ಸೇರಿ ಇಂಥ ಚಿತ್ರಗಳ ಬಳಕೆಗೆ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡವು. ನಮ್ಮ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಈ ವಿಷಯದಲ್ಲಿ ಖಂಡಿತವಾಗಿದೆ. ಭಕ್ತರು ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದು 1267ನೆಯ ವಿಧಿ, ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕೆಂದು 1287ನೆಯ ವಿಧಿ. ದೇವಾಲಯದ ಛಾವಣಿಗೆಂದು ಎತ್ತಿದ ಹಣದಲ್ಲಿ ಹಬ್ಬದ ದೀಪಾಲಂಕಾರ ಸಲ್ಲದು. ಆರೋಗ್ಯದ ವಕಾಲತ್ತು ವಹಿಸುವ ಸಂಸ್ಥೆಗೂ ಇದಕ್ಕಿಂತ ಹೆಚ್ಚಿನದೇನನ್ನೂ ನಾವು ಕೇಳುತ್ತಿಲ್ಲ.

ಮತ್ತೆ ನಿಪ್ಪಾಣಿಗೆ ಬರೋಣ. ಸಾವಿರ ಬೀಡಿಗೆ 5 ರೂಪಾಯಿಯಂತೆ ಸಂಗ್ರಹವಾಗುತ್ತಿದ್ದ ಕರದಿಂದ ಬೀಡಿ ಕಾರ್ಮಿಕರ ಔಷಧಾಲಯ, ಮನೆ, ಮಕ್ಕಳ ವಿದ್ಯಾರ್ಥಿವೇತನಗಳು ನಡೆಯುತ್ತಿದ್ದವು. 1976ರ ಕಾಯಿದೆಯ ಈ ಕರವು 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದಾಯಿತು. ಅಂದಿನಿಂದ ಆ ಸೌಲಭ್ಯಗಳು ಕೇಂದ್ರ ಮುಂಗಡಪತ್ರದ ಕೃಪೆಯಲ್ಲಿವೆ. ತಂಬಾಕು ಕಡಿಮೆಯಾಗಲಿ ಎನ್ನುವವರು ತಂಬಾಕಿನಲ್ಲಿ ಬದುಕಿದವರ ಈ ನಿಧಿಯ ಬಗ್ಗೆಯೂ ಹೋರಾಡಬಹುದಿತ್ತು. ಮುಂದಿನ ಮೇ 31ರಂದು ಈ ಭಾಗಕ್ಕೆ ಬರುವ ಮನವಿಗಳಲ್ಲಿ ಇದಕ್ಕೆ ಎರಡು ಸಾಲು ಜಾಗವಿರಲಿ. ಕೇಳುವ ಹಣ ಮೊಕದ್ದಮೆಗೋ ಔಷಧಕ್ಕೋ ಎಂದು ತಿಳಿಸುವ ಒಂದು ಸಾಲು, ಅಂಕಿಯ ಪಕ್ಕದಲ್ಲಿ ಅದರ ವರ್ಷ ಇರಲಿ. ಕಾಗದದ ಒಂದು ಬದಿ ಕನ್ನಡದಲ್ಲೂ ಇನ್ನೊಂದು ಬದಿ ಮರಾಠಿಯಲ್ಲೂ ಅಚ್ಚಾಗಲಿ. ಚಿತ್ರದಲ್ಲಿರುವ ಹೆಂಗಸಿಗೆ ಅದನ್ನು ಮೊದಲು ಓದಿ ಹೇಳಿ, ಆಕೆ ಒಪ್ಪಿದ ಮೇಲೆ ಅಂಚೆಗೆ ಹಾಕಲಿ.